ಮೊಬೈಲಾ, ಕಥೆಯಾ, ಕಿಟಕಿ ಆಟವಾ? ಬೆಂಗಳೂರು–ಮಂಗಳೂರು ದಾರಿಯ ಹಿಂದಿನ ಸೀಟು

ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ತಿಂಡಿ, ಊಟ, ಟ್ರಾಫಿಕ್ ಎಲ್ಲ ಸೇರಿದರೆ ಏಳೆಂಟು ಗಂಟೆ ಬೇಕೇ ಬೇಕು. ನಮ್ಮ ಹಿಂದಿನ ಸೀಟಿನಲ್ಲಿ ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ. ಹಬ್ಬ, ಬೇಸಿಗೆ ರಜೆ, ಮದುವೆ, ಮುಂಜಿ ಅಂತ ಈ ದಾರಿಯಲ್ಲಿ ಓಡಾಡುತ್ತಲೇ ಇರುತ್ತೇವೆ. ಅಷ್ಟು ಹೊತ್ತು ಮಕ್ಕಳಿಗೆ ಬೇಜಾರಾಗದಂತೆ ನೋಡಿಕೊಳ್ಳಲು ನಾವು ಮುಖ್ಯವಾಗಿ ಮೂರು ಉಪಾಯ ಮಾಡಿ ನೋಡಿದ್ದೇವೆ. ಮೊಬೈಲಿನಲ್ಲಿ ಕಾರ್ಟೂನ್, ಕೇಳುವ ಕಥೆ, ಕಿಟಕಿಯಾಚೆ ನೋಡಿ ಆಡುವ ಆಟ. ನನ್ನ ಓಟು ಕಿಟಕಿಗೆ. ಆದರೂ ಒಂದರಿಂದಲೇ ದಾರಿ ಪೂರ್ತಿ ಸಾಗುವುದಿಲ್ಲ. ನೆಲಮಂಗಲದಿಂದ ಹಾಸನದವರೆಗಿನ ರಸ್ತೆ ಬೇರೆ, ಶಿರಾಡಿ ಘಾಟಿ ಬೇರೆ. ಯಾವ ಆಟ ಯಾವ ರಸ್ತೆಗೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಮೊಬೈಲ್ ಕೈಗೆ ಕೊಟ್ಟರೆ ತಕ್ಷಣ ಗಲಾಟೆ ನಿಲ್ಲುತ್ತದೆ. ಇದನ್ನು ಮೀರಿಸುವ ಉಪಾಯ ಬೇರೆ ಇಲ್ಲ, ಒಪ್ಪಲೇಬೇಕು. ಆದರೆ ಕೊಡುವಾಗಿನ ಸುಖ ವಾಪಸ್ ತೆಗೆದುಕೊಳ್ಳುವಾಗ ಇರುವುದಿಲ್ಲ. ಒಂದು ಗಂಟೆ ಕಾರ್ಟೂನ್ ನೋಡಿದ ಮಗುವಿಗೆ ಆಮೇಲೆ ಬೇರೆ ಯಾವುದೂ ರುಚಿಸುವುದಿಲ್ಲ. ಇಬ್ಬರಿಗೆ ಒಂದೇ ಫೋನ್ ಇದ್ದರೆ ಯಾವುದನ್ನು ಹಾಕಬೇಕು ಅಂತಲೇ ಜಗಳ. ಇದಕ್ಕಿಂತ ದೊಡ್ಡ ತೊಂದರೆ ವಾಂತಿ. ಕಣ್ಣು ಅಲುಗಾಡದ ಸ್ಕ್ರೀನ್ ಮೇಲೆ ಇರುತ್ತದೆ, ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಮಾತ್ರ ಗಾಡಿ ಎಡಕ್ಕೂ ಬಲಕ್ಕೂ ತಿರುಗುವುದು ಗೊತ್ತಾಗುತ್ತಿರುತ್ತದೆ. ಎರಡಕ್ಕೂ ತಾಳ ತಪ್ಪಿದಾಗ ಹೊಟ್ಟೆ ತೊಳೆಸುತ್ತದೆ. ಎರಡು ವರ್ಷ ದಾಟಿದ ಮಕ್ಕಳಿಂದ ಹಿಡಿದು ಹನ್ನೆರಡರ ಆಸುಪಾಸಿನವರೆಗೆ ಈ ಕಾಟ ಜಾಸ್ತಿ. ಚಿತ್ರದ ಪುಸ್ತಕ, ಬಣ್ಣ ಹಚ್ಚುವ ಪುಸ್ತಕಕ್ಕೂ ಇದೇ ಮಾತು. ತಲೆ ಬಗ್ಗಿಸಿ ಕೂತರೆ ಘಾಟಿಯಲ್ಲಿ ಕಷ್ಟವೇ. ಅದಕ್ಕೇ ಸಕಲೇಶಪುರ ಬರುವ ಮೊದಲೇ ನಮ್ಮ ಕಾರಿನಲ್ಲಿ ಫೋನು, ಪುಸ್ತಕ ಎರಡೂ ಬ್ಯಾಗಿಗೆ ಹೋಗುತ್ತವೆ.

ಕಥೆ ಕೇಳುವುದಕ್ಕೆ ಈ ತೊಂದರೆ ಇಲ್ಲ. ಕಣ್ಣು ಹೊರಗೆ, ಕಿವಿ ಒಳಗೆ. ಕಾರ್ಟೂನ್ ಜೊತೆ ಹೋಲಿಸಿದರೆ ಶುರುವಿನಲ್ಲಿ ಕಥೆ ಸೋಲುತ್ತದೆ. ಮಕ್ಕಳು ಹತ್ತು ನಿಮಿಷ ಕೊಸರಾಡುತ್ತಾರೆ. ಕಥೆಯೊಳಗೆ ಇಳಿದ ಮೇಲೆ ಮಾತ್ರ ಇಬ್ಬರೂ ಒಟ್ಟಿಗೆ ಕೇಳುತ್ತಾರೆ, ಮಧ್ಯೆ ಪ್ರಶ್ನೆ ಕೇಳುತ್ತಾರೆ, ಹಾಗೇ ನಿದ್ದೆಗೂ ಜಾರುತ್ತಾರೆ. ನಾವು ರೆಡಿಮೇಡ್ ಕಥೆಗಳನ್ನೂ ಹಾಕಿ ನೋಡಿದ್ದೇವೆ, ಅಜ್ಜಿ ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೂ ಹಾಕಿದ್ದೇವೆ. ಅಜ್ಜಿಯ ದನಿಗೆ ಸಾಟಿ ಇಲ್ಲ. ಮಧ್ಯೆ ಕುಕ್ಕರ್ ಕೂಗಿದ್ದು, ಅಜ್ಜಿ ಕೆಮ್ಮಿದ್ದು ಎಲ್ಲ ಮಕ್ಕಳಿಗೆ ಬಾಯಿಪಾಠ. ಮುಂದಿನ ಸಲ ಊರಿಗೆ ಹೋದಾಗ ನೀವೂ ದೊಡ್ಡವರ ಹತ್ತಿರ ನಾಲ್ಕು ಕಥೆ ಹೇಳಿಸಿ ಇಟ್ಟುಕೊಳ್ಳಿ. ಘಾಟಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಹಾಗಾಗಿ ಏನೇ ಇದ್ದರೂ ಮನೆಯಲ್ಲೇ ಫೋನಿಗೆ ಇಳಿಸಿಕೊಂಡಿರಬೇಕು.

ಈಗ ನನ್ನ ಮೆಚ್ಚಿನದಕ್ಕೆ ಬರುತ್ತೇನೆ. ಕಿಟಕಿ ಆಟಗಳಲ್ಲಿ ನಂಬರ್ ಪ್ಲೇಟಿನ ಆಟವೇ ರಾಜ. ಈ ದಾರಿಗೆ ಅದು ಹೇಳಿ ಮಾಡಿಸಿದಂತಿದೆ. ಬೆಂಗಳೂರು ಬಿಡುವಾಗ ಎಲ್ಲ ಕೆಎ 01ರಿಂದ 05, 50ರ ಸುತ್ತಮುತ್ತಲಿನವು. ಕುಣಿಗಲ್ ಹತ್ತಿರ ತುಮಕೂರಿನ 06 ಕಾಣಿಸುತ್ತದೆ. ಚನ್ನರಾಯಪಟ್ಟಣ ಬಂದರೆ ಹಾಸನದ 13 ಜಾಸ್ತಿ ಆಗುತ್ತದೆ. ಆಮೇಲೆ ಸಕಲೇಶಪುರದ 46, ಘಾಟಿ ಇಳಿದರೆ ಪುತ್ತೂರಿನ 21, ಬಂಟ್ವಾಳದ 70, ಕೊನೆಗೆ ಮಂಗಳೂರಿನ 19. ‘ಎಲ್ಲಿಗೆ ಬಂದ್ವಿ ಅಮ್ಮಾ?’ ಅಂತ ಕೇಳುವ ಮಗಳಿಗೆ ‘ನೀನೇ ಹೇಳು, ಯಾವ ನಂಬರ್ ಜಾಸ್ತಿ ಇದೆ?’ ಅಂದರೆ ಸಾಕು, ಲೆಕ್ಕ ಶುರು. ಸರ್ಕಾರಿ ಬಸ್ಸಿನ ನಂಬರಿನಲ್ಲಿ ‘ಎಫ್’ ಇರುತ್ತದೆ ಅಂತ ಅವಳು ತಾನಾಗಿಯೇ ಕಂಡುಹಿಡಿದಳು. ತೆಲಂಗಾಣದ ಗಾಡಿಗಳಲ್ಲಿ ಹಳೆಯವು ಟಿಎಸ್, 2024ರಿಂದ ಹೊಸವು ಟಿಜಿ. ಇದು ಸಿಕ್ಕರೆ ಅವಳ ಲೆಕ್ಕದಲ್ಲಿ ಎರಡು ಪಾಯಿಂಟ್.

ಚಿಕ್ಕವನಿಗೆ ಅಷ್ಟು ಓದಲು ಬರುವುದಿಲ್ಲ. ಅವನದು ಬಣ್ಣದ ಆಟ. ಬಿಳಿ ಪ್ಲೇಟ್ ಸ್ವಂತ ಗಾಡಿ, ಹಳದಿ ಬಾಡಿಗೆ ಗಾಡಿ, ಹಸಿರು ಕರೆಂಟಿನ ಗಾಡಿ. ಮೈಲಿಗಲ್ಲಿನಲ್ಲೂ ಬಣ್ಣ ಇದೆ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ನಾವು ಚಿಕ್ಕವರಿದ್ದಾಗ ಇದೇ ರಸ್ತೆಯ ಕಲ್ಲಿನ ಮೇಲೆ 48 ಅಂತ ಇರುತ್ತಿತ್ತು, ಈಗ 75. ಘಾಟಿಯಲ್ಲಿ ಅವನಿಗೆ ಇನ್ನೊಂದು ಕೆಲಸ, ಗ್ಯಾಸ್ ಟ್ಯಾಂಕರ್ ಎಣಿಸುವುದು. ಮಂಗಳೂರು ಕಡೆಯಿಂದ ಅವು ಸಾಲಾಗಿ ಹತ್ತಿ ಬರುತ್ತವೆ. ದೂರದ ತಿರುವನ್ನೇ ನೋಡುತ್ತಾ ಕೂತಿರುವುದರಿಂದ ತಲೆ ಸುತ್ತುವುದೂ ಕಡಿಮೆ. ಕಾರ್ಟೂನಿಗೂ ಕಿಟಕಿಗೂ ನಾನು ಕಂಡ ದೊಡ್ಡ ವ್ಯತ್ಯಾಸ ಇದೇ. ಒಂದು ಹೊಟ್ಟೆ ಕೆಡಿಸುತ್ತದೆ, ಇನ್ನೊಂದು ಕಾಪಾಡುತ್ತದೆ.

ಅಂತ್ಯಾಕ್ಷರಿಯನ್ನೂ ಇಲ್ಲೇ ಸೇರಿಸುತ್ತೇನೆ. ಹಾಡಿಗಿಂತ ಊರಿನ ಹೆಸರಿನ ಅಂತ್ಯಾಕ್ಷರಿ ನಮ್ಮಲ್ಲಿ ಚೆನ್ನಾಗಿ ನಡೆಯುತ್ತದೆ. ನಮ್ಮ ರಾಜ್ಯದಲ್ಲಿ ‘ಊರು’ ಅಂತ ಮುಗಿಯುವ ಊರುಗಳೇ ಅಷ್ಟೊಂದು, ಹಾಗಾಗಿ ಪದೇ ಪದೇ ‘ರ’ ಬರುತ್ತದೆ. ರಾಯಚೂರು, ರಾಮನಗರ, ರಾಣೆಬೆನ್ನೂರು, ರಾಯಬಾಗ, ರಾಮದುರ್ಗ ಎಲ್ಲ ಬೇಗ ಖಾಲಿ. ಆಗ ಮಗಳು ‘ರೋಣ’ ಅನ್ನುತ್ತಾಳೆ, ಎದುರಿನವರು ‘ಣ’ ಹಿಡಿದುಕೊಂಡು ಒದ್ದಾಡಬೇಕು. ‘ಣ’ ಬಂದರೆ ‘ನ’, ‘ಳ’ ಬಂದರೆ ‘ಲ’ ಅಂತ ಮೊದಲೇ ನಿಯಮ ಮಾಡಿಕೊಳ್ಳಿ, ನವಲಗುಂದ, ನಂಜನಗೂಡು, ನರಗುಂದ ಅಂತ ಆಟ ಮುಂದೆ ಹೋಗುತ್ತದೆ. ನಾಲ್ಕು ವರ್ಷದ ಒಳಗಿನವರಿಗೆ ಇದು ಹಿಡಿಸದು.

ಕಿಟಕಿ ಸೋಲುವ ಹೊತ್ತೂ ಇದೆ. ಕತ್ತಲಾದರೆ ಅಥವಾ ಮಂಜು ಕವಿದರೆ ಏನೂ ಕಾಣದು, ಆಗ ಕಥೆಯೇ ಸರಿ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ಗಾಡಿಗಳು ಗಂಟೆಗಟ್ಟಲೆ ನಿಂತುಬಿಡುವುದುಂಟು. ಎದುರಿಗೆ ಒಂದೇ ಲಾರಿಯ ಬೆನ್ನು ಕಾಣುತ್ತಿರುವಾಗ ಯಾವ ನಂಬರ್ ಆಟ ಆಡುವುದು ಹೇಳಿ? ಅಂಥ ಕಡೆ ಮೊಬೈಲ್ ಕೊಡಲು ನನಗೆ ಏನೂ ಬೇಸರವಿಲ್ಲ. ಗಾಡಿ ಅಲುಗಾಡುವುದೇ ಇಲ್ಲವಲ್ಲ, ವಾಂತಿಯ ಭಯವೂ ಇಲ್ಲ. ಈ ಹೊತ್ತಿಗೆ ಅಂತಲೇ ಬ್ಯಾಟರಿ ಉಳಿಸಿಟ್ಟುಕೊಂಡಿರುತ್ತೇನೆ.

ಎರಡು ಗಂಟೆಗೊಮ್ಮೆ ಕೆಳಗಿಳಿಸಿ ಓಡಾಡಲು ಬಿಡದಿದ್ದರೆ ಈ ಮೂರರಲ್ಲಿ ಯಾವುದೂ ಕೆಲಸ ಮಾಡುವುದಿಲ್ಲ. ಹೊತ್ತಿದ್ದರೆ ಸಕಲೇಶಪುರ ದಾಟಿದ ಮೇಲೆ ಮಂಜರಾಬಾದ್ ಕೋಟೆ ಹತ್ತಿಸಿ. ಟಿಪ್ಪು ಕಟ್ಟಿಸಿದ ನಕ್ಷತ್ರದ ಆಕಾರದ ಕೋಟೆ ಅದು. ಅಷ್ಟು ಮೆಟ್ಟಿಲು ಹತ್ತಿ ಇಳಿದ ಮಕ್ಕಳು ಘಾಟಿ ಪೂರ್ತಿ ಮಲಗಿಬಿಡಲೂಬಹುದು.

ಒಂದು ಮಾತು ಡ್ರೈವ್ ಮಾಡುವವರ ಬಗ್ಗೆ. ಕಾರ್ಟೂನಿನ ಸದ್ದು ಅವರಿಗೆ ಕಿರಿಕಿರಿ, ಅಂತ್ಯಾಕ್ಷರಿಯ ಕೂಗಾಟ ತಿರುವಿನಲ್ಲಿ ಅಪಾಯ. ನಮ್ಮವರು ಹಾಸನದವರೆಗೆ ಊರಿನ ಹೆಸರು ಹೇಳುವುದರಲ್ಲಿ ಸೇರಿಕೊಳ್ಳುತ್ತಾರೆ, ನಂಬರ್ ಪ್ಲೇಟ್ ಆಟಕ್ಕೆ ಮಾತ್ರ ಇಡೀ ದಾರಿ ಅವರನ್ನು ಕರೆಯುವುದಿಲ್ಲ. ಮಕ್ಕಳು ಬೆಲ್ಟ್ ಬಿಚ್ಚಿ ಎದ್ದು ನಿಂತು ನೋಡಿದರೆ ಆ ಪಾಯಿಂಟ್ ಕೊಡುವುದಿಲ್ಲ ಅನ್ನುವುದೂ ನಮ್ಮ ಆಟದ ನಿಯಮ.