ಮಾಡಿಗೆ ಹೊಡೆಯುವ ಲೈಟು: ಗೋಡಾಕ್ಸ್ ಟಿಟಿ600 ಫ್ಲ್ಯಾಶಿನ ಜೊತೆ ಎರಡು ವರ್ಷ

ನಮ್ಮ ಬಳಗದಲ್ಲಿ ಮುಂಜಿ, ಗೃಹಪ್ರವೇಶ, ಸತ್ಯನಾರಾಯಣ ಕಥೆ ಏನೇ ಇರಲಿ, ಫೋಟೋ ತೆಗೆಯುವ ಕೆಲಸ ನನ್ನದು. ಸಂಬಳ ಇಲ್ಲ, ಊಟ ಇದೆ. ಕ್ಯಾಮೆರಾ ನಿಕಾನ್ ಡಿ5600, ಲೆನ್ಸು 35 ಎಂಎಂ. ಅಂಗಳದಲ್ಲಿ ಇವೆರಡೇ ಸಾಕು. ಒಳಗೆ ಹೋದರೆ ಕಥೆ ಬೇರೆ. ಶಿರಸಿ ಕಡೆಯ ಹಳೇ ಮನೆಗಳು ಗೊತ್ತಲ್ಲ, ಮಧ್ಯಾಹ್ನ ಹನ್ನೆರಡಕ್ಕೂ ನಡುಮನೆಯಲ್ಲಿ ಬಲ್ಬು ಹಾಕಬೇಕು. ಕ್ಯಾಮೆರಾದಲ್ಲೇ ಇರುವ ಪುಟ್ಟ ಫ್ಲ್ಯಾಶು ಹಾಕಿದರೆ ಅತ್ತೆಯಂದಿರ ಹಣೆ ಫಳಫಳ, ಹಿಂದಿನ ಗೋಡೆ ಮೇಲೆ ಕಪ್ಪು ನೆರಳು.

ಮೊದಲು ಹೆಸರೇ ಕೇಳದ ಒಂದು ಅಗ್ಗದ ಫ್ಲ್ಯಾಶು ತರಿಸಿದ್ದೆ. ಅದರ ತಲೆ ತಿರುಗುತ್ತಿರಲಿಲ್ಲ. ಮೂರನೇ ಕಾರ್ಯಕ್ರಮಕ್ಕೇ ಸೆಲ್ ಹಾಕುವ ಮುಚ್ಚಳದ ಕೊಂಡಿ ಮುರಿಯಿತು. ರಬ್ಬರ್ ಬ್ಯಾಂಡು ಸುತ್ತಿಕೊಂಡು ಓಡಾಡಿದೆ. ಆಮೇಲೆ ತಂದಿದ್ದು ಈ ಟಿಟಿ600. ಆಗ ಆರು ಸಾವಿರದೊಳಗೆ ಸಿಕ್ಕಿತು.

ಇದರಲ್ಲಿ ಟಿಟಿಎಲ್ ಇಲ್ಲ. ಟಿಟಿಎಲ್ ಅಂದರೆ, ಫೋಟೋಕ್ಕೆ ಮುಂಚೆ ಫ್ಲ್ಯಾಶು ಒಮ್ಮೆ ಸಣ್ಣಗೆ ಮಿನುಗುತ್ತದೆ, ಕ್ಯಾಮೆರಾ ಅದನ್ನು ಅಳೆದು ಎಷ್ಟು ಬೆಳಕು ಬೇಕೆಂದು ತಾನೇ ತೀರ್ಮಾನಿಸುತ್ತದೆ. ಇಲ್ಲಿ ಆ ತೀರ್ಮಾನ ನಮ್ಮದು. ಪೂರ್ತಿ ಪವರಿನಿಂದ 1/128ರವರೆಗೆ ಹೆಚ್ಚು ಕಡಿಮೆ ಮಾಡಿಕೊಳ್ಳಬೇಕು. ಮೊದಲ ದಿನ ಹೆದರಿದೆ. ಆಮೇಲೆ ನೋಡಿದರೆ ಗ್ಯಾಸ್ ಒಲೆಯ ಉರಿ ಸಣ್ಣ ದೊಡ್ಡ ಮಾಡಿದಷ್ಟೇ. ಒಂದೇ ಕೋಣೆಯಲ್ಲಿ ಮೂರು ಗಂಟೆ ಕೂರುವ ನನ್ನಂಥವರಿಗೆ ಒಮ್ಮೆ ಹೊಂದಿಸಿದರೆ ಸಾಕು. ಮದುವೆ ದಿಬ್ಬಣದ ಹಿಂದೆ ಮುಂದೆ ಓಡುವವರಾದರೆ ಇದು ಬೇಡ. ಅದೇ ಕಂಪನಿಯ ಟಿಟಿ685 ನೋಡಿ, ಅದರಲ್ಲಿ ಟಿಟಿಎಲ್ ಇದೆ. ಆದರೆ ಅದನ್ನು ನಿಮ್ಮ ಕ್ಯಾಮೆರಾ ಕಂಪನಿಗೆ ಹೊಂದುವ ಮಾದರಿಯಲ್ಲೇ ಕೊಳ್ಳಬೇಕು.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಕ್ಯಾಮೆರಾದ ಮೇಲೆ ಫ್ಲ್ಯಾಶು ಕೂರಿಸುವ ಹಾಟ್ ಶೂ ನಡುವೆ ದೊಡ್ಡ ಗುಂಡನೆಯ ಪಿನ್ನು ಇದೆಯಾ ನೋಡಿ. ಟಿಟಿ600 ಹೊತ್ತಿಕೊಳ್ಳುವುದು ಆ ಒಂದು ಪಿನ್ನಿನಿಂದಲೇ. ಕ್ಯಾನನ್ 1500ಡಿ, 3000ಡಿ, 200ಡಿ ಮಾರ್ಕ್ 2 ಇಂಥವುಗಳಲ್ಲಿ ಆ ಪಿನ್ನಿಲ್ಲ. ನನ್ನ ಚಿಕ್ಕಮ್ಮನ ಮಗನ ಹತ್ತಿರ ಇರುವುದು 1500ಡಿ. ‘ಅಕ್ಕಾ, ನಿಂದೇ ಮಾಡೆಲ್ ಆರ್ಡರ್ ಮಾಡ್ತಾ ಇದ್ದೀನಿ’ ಅಂತ ಫೋನ್ ಮಾಡಿದ್ದಕ್ಕೆ ಬಚಾವಾದ.

ಪೆಟ್ಟಿಗೆಯ ಮೇಲಿನ ಗೈಡ್ ನಂಬರ್ 60, ಅಂದರೆ ಫ್ಲ್ಯಾಶಿನ ಬಲದ ಅಳತೆ, ನೋಡಿ ಜಾಸ್ತಿ ಖುಷಿಪಡಬೇಡಿ. ಅದು ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100ರಲ್ಲಿ, ಫ್ಲ್ಯಾಶಿನ ತಲೆಯನ್ನು 200 ಎಂಎಂಗೆ ಜೂಮ್ ಮಾಡಿ ಬೆಳಕನ್ನು ಕಿರಿದು ಮಾಡಿದಾಗಿನ ಲೆಕ್ಕ. 60ನ್ನು ಮೀಟರಿನ ದೂರದಿಂದ ಭಾಗಿಸಿದರೆ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕೆಂಬ ಎಫ್ ಸಂಖ್ಯೆ, ಬರುತ್ತದೆ. ಏಳೂವರೆ ಮೀಟರಿಗೆ ಎಫ್/8. ಬೆಳಕನ್ನು ಮುಖಕ್ಕೇ ನೇರ ಹೊಡೆಯುವವರಿಗೆ ಈ ಲೆಕ್ಕ. ನಾನು ಹಾಗೆ ಹೊಡೆಯುವುದಿಲ್ಲ.

ತಲೆ ಮೇಲಕ್ಕೂ ಪಕ್ಕಕ್ಕೂ ತಿರುಗುತ್ತದೆ ನೋಡಿ, ನಾನು ದುಡ್ಡು ಕೊಟ್ಟಿದ್ದೇ ಅದಕ್ಕೆ. ಬಿಳಿ ಸ್ಲ್ಯಾಬಿನ ಮನೆಯಲ್ಲಿ ತಲೆಯನ್ನು ಮೇಲಕ್ಕೆತ್ತಿ ಹೊಡೆದರೆ ಬೆಳಕು ಇಡೀ ಮಾಡಿನಿಂದ ಮೆತ್ತಗೆ ಇಳಿಯುತ್ತದೆ. ದೊಡ್ಡಪ್ಪ ಒಮ್ಮೆ ಕೇಳಿಯೇಬಿಟ್ಟರು: ‘ಏನ್ ತಂಗೀ, ನಾವೆಲ್ಲ ಇಲ್ಲಿ ಕೂತಿದ್ದೀವಿ, ನೀನು ಮಾಡಿಗೆ ಲೈಟ್ ಹೊಡೀತೀಯಲ್ಲ?’ ಪರದೆಯಲ್ಲಿ ಅವರ ಮುಖ ತೋರಿಸಿದೆ. ಸುಮ್ನಾದರು. ಹತ್ತಡಿ ಎತ್ತರದ ಬಿಳಿ ಮಾಡಿಗೆ ನನ್ನ ಲೆಕ್ಕ ಹೀಗೆ: ಐಎಸ್ಒ 800, ಎಫ್/4, ಶಟರ್ 1/125 ಸೆಕೆಂಡು, ಫ್ಲ್ಯಾಶು 1/4 ಪವರು. ಅಲ್ಲಿಂದ ಆಚೀಚೆ.

ಈ ಉಪಾಯ ಎಲ್ಲ ಮನೆಗೂ ನಡೆಯುವುದಿಲ್ಲ. ಹೊಗೆ ಹಿಡಿದ ಮರದ ಮುಚ್ಚಿಗೆಯ ಕೆಳಗೆ ಮೇಲಕ್ಕೆ ಹೊಡೆದರೆ ಮರವೇ ಬೆಳಕು ಕುಡಿಯುತ್ತದೆ. ಉಳಿದಿದ್ದು ಕಂದಾಗಿ ಕೆಳಗಿಳಿಯುತ್ತದೆ. ಶಾಮಿಯಾನ ಇನ್ನೂ ಮೋಸ. ಗುಲಾಬಿ ಬಟ್ಟೆಯ ಚಪ್ಪರದಡಿ ತೆಗೆದ ಒಂದು ಗುಂಪಿನ ಫೋಟೋದಲ್ಲಿ ಪುರೋಹಿತರೂ ಸೇರಿ ಎಲ್ಲರಿಗೂ ರೋಸ್ ಪೌಡರ್ ಬಳಿದ ಹಾಗಿತ್ತು. ಈಗ ಅಂಥ ಕಡೆ ಒಂದು ಬಿಳಿ ಪಂಚೆ ಕೇಳಿ ತೆಗೆದುಕೊಳ್ಳುತ್ತೇನೆ. ಇಬ್ಬರು ಹುಡುಗರು ಅದನ್ನು ಪಕ್ಕದಲ್ಲಿ ಬಿಡಿಸಿ ಹಿಡಿದರೆ ಆಯಿತು, ಅದಕ್ಕೇ ಹೊಡೆಯುವುದು. ಕಿಟಕಿಯ ಬೆಳಕಿನ ಹಾಗೆ ಬರುತ್ತದೆ. ಅಂಚಿಗೆ ಬಣ್ಣ ಇದ್ದರೆ ಮಡಚಿ ಹಿಡಿಯಲು ಹೇಳಿ.

ಹೋಮದ ಹೊಗೆ ನನ್ನನ್ನು ಬಹಳ ದಿನ ಸತಾಯಿಸಿತು. ಫ್ಲ್ಯಾಶು ಕ್ಯಾಮೆರಾದ ಮೇಲೇ ಇದ್ದು ನೇರ ಹೊಡೆದರೆ ಬೆಳಕು ಹೊಗೆಗೆ ಬಡಿದು ವಾಪಸ್ ಲೆನ್ಸಿಗೇ ಬರುತ್ತದೆ. ವಟುವೂ ಕಾಣ, ಅಪ್ಪನೂ ಕಾಣ, ಬರೀ ಬಿಳಿ ಮಂಜು. ಇದಕ್ಕಾಗಿಯೇ ಫ್ಲ್ಯಾಶನ್ನು ದೂರದಿಂದ ಹೊತ್ತಿಸುವ ಎಕ್ಸ್2ಟಿ ಟ್ರಿಗರ್ ತಂದೆ. ಅದರ ಸಿಗ್ನಲ್ ಹಿಡಿಯುವ ರಿಸೀವರ್ ಟಿಟಿ600 ಒಳಗೇ ಇದೆ, ಬೇರೆ ಕೊಳ್ಳಬೇಕಿಲ್ಲ. ಟ್ರಿಗರ್ ಕ್ಯಾಮೆರಾದ ಮೇಲೆ, ಫ್ಲ್ಯಾಶು ತಂಗಿಯ ಮಗನ ಕೈಯಲ್ಲಿ, ಕುಂಡದ ಪಕ್ಕದಿಂದ ಸ್ವಲ್ಪ ಹಿಂದೆ. ಹೋದ ವೈಶಾಖದ ಮುಂಜಿಯಲ್ಲಿ ಅದೇ ಹೊಗೆ ಎಳೆ ಎಳೆಯಾಗಿ ಬಿಡಿಸಿಕೊಂಡು ನಿಂತಿತು, ನಡುವೆ ಹುಡುಗನ ಬೋಳು ತಲೆಯ ಅಂಚಿನಲ್ಲಿ ಒಂದು ಬೆಳ್ಳಿ ಗೆರೆ. ಎರಡು ವರ್ಷದಲ್ಲಿ ನಾನು ತೆಗೆದ ಒಳ್ಳೆಯ ಫೋಟೋ ಅದೇ. ಅಕ್ಕ ಮಾತ್ರ ಗೋಡೆಗೆ ಹಾಕಿದ್ದು ಮಾತೃಭೋಜನದ್ದು.

ಒಂದು ತಪ್ಪು ನನ್ನದೇ. ಮೊದಮೊದಲು ಶಟರ್ 1/500ಕ್ಕೆ ಇಟ್ಟು ತೆಗೆದೆ. ಪ್ರತಿ ಫೋಟೋದಲ್ಲೂ ಒಂದು ಬದಿಗೆ ಕಪ್ಪು ಪಟ್ಟಿ. ಡಿ5600ಗೆ ಫ್ಲ್ಯಾಶಿನ ಜೊತೆ 1/200 ಕೊನೆ. ಅದಕ್ಕಿಂತ ವೇಗವಾದರೆ ಶಟರಿನ ಪರದೆ ಪೂರ್ತಿ ತೆರೆಯುವುದೇ ಇಲ್ಲ, ಫ್ಲ್ಯಾಶು ಮಿಂಚುವಾಗ ಅರ್ಧ ಮುಚ್ಚಿರುತ್ತದೆ.

ಸೆಲ್ಲಿನಲ್ಲಿ ಜಿಪುಣತನ ಮಾಡಬೇಡಿ. ನಾಲ್ಕು ಎಎ ಸೆಲ್ ಬೇಕು. ಗಡಿಯಾರಕ್ಕೆ ಹಾಕುವ ಸೆಲ್ ಹಾಕಿದರೆ ಒಂದು ಫೋಟೋಕ್ಕೂ ಇನ್ನೊಂದಕ್ಕೂ ನಡುವೆ ಒಂದು ಮಂಗಳಾರತಿ ಮುಗಿಯುತ್ತದೆ. ನಾನು ಎನೆಲೂಪ್ ರೀಚಾರ್ಜ್ ಸೆಲ್ ಎರಡು ಜೊತೆ ಇಟ್ಟುಕೊಂಡಿದ್ದೇನೆ. ಒಳ್ಳೆಯ ಸೆಲ್ಲಿದ್ದರೆ ಪೂರ್ತಿ ಪವರಿಗೂ ಮತ್ತೆ ತಯಾರಾಗಲು ಸುಮಾರು 2.6 ಸೆಕೆಂಡು ಅಂತ ಕಂಪನಿ ಹೇಳುತ್ತದೆ. 1/4ರಲ್ಲಿ ಕಾದ ನೆನಪೇ ಇಲ್ಲ.

ಇಷ್ಟವಾಗದ್ದೂ ಇದೆ. ಜೂಮ್ ಲೆನ್ಸು ಹಾಕಿ ಜೂಮ್ ಬದಲಿಸಿದರೆ ಫ್ಲ್ಯಾಶಿನ ತಲೆ ತಾನಾಗಿ ಹಿಂಬಾಲಿಸುವುದಿಲ್ಲ, ನಾವೇ ಗುಂಡಿ ಒತ್ತಬೇಕು. ಆ ಗುಂಡಿಗಳ ಮೇಲಿನ ಅಕ್ಷರ ನನ್ನ ಕನ್ನಡಕಕ್ಕೆ ತೀರಾ ಸಣ್ಣವು.

ಯಕ್ಷಗಾನಕ್ಕೆ ಹೋದಾಗ ಇದು ಚೀಲದಿಂದ ಹೊರಗೆ ಬರುವುದಿಲ್ಲ. ಕಲಾವಿದರ ಕಣ್ಣಿಗೆ ಹೊಡೆಯುತ್ತದೆ, ಅಲ್ವಾ. ಅಲ್ಲಿ 35 ಎಂಎಂ, ಎಫ್/1.8, ಐಎಸ್ಒ 3200, ರಂಗದ ದೀಪ ಎಷ್ಟಿದೆಯೋ ಅಷ್ಟು.

ನಮ್ಮ ಅಟ್ಟದಲ್ಲಿ ಮಾವನ ಕಾಲದ ಫಿಲ್ಮ್ ಕ್ಯಾಮೆರಾದ ಫ್ಲ್ಯಾಶೊಂದಿದೆ. ‘ಅದನ್ನೇ ಹಾಕಿಕೊಳ್ಳಬಹುದಿತ್ತಲ್ಲ’ ಅಂತ ಮಾವ ಈಗಲೂ ಹೇಳುತ್ತಾರೆ. ಅಷ್ಟು ಹಳೆಯ ಕೆಲವು ಫ್ಲ್ಯಾಶುಗಳ ಪಿನ್ನಿನಲ್ಲಿ ಇನ್ನೂರು ವೋಲ್ಟಿಗಿಂತ ಮೇಲೆ ಇರುತ್ತದೆ, ಡಿಜಿಟಲ್ ಕ್ಯಾಮೆರಾ ಸುಟ್ಟು ಹೋಗಬಹುದು. ಅಷ್ಟೆಲ್ಲ ಅವರಿಗೆ ವಿವರಿಸಲಿಲ್ಲ. ಒರೆಸಿ ಶೋಕೇಸಿನಲ್ಲಿ ಇಟ್ಟಿದ್ದೇನೆ, ಬಂದವರಿಗೆಲ್ಲ ಅವರೇ ತೋರಿಸುತ್ತಾರೆ.