ಹೋಮ್‌ಸ್ಟೆಡ್ ಪಾರ್ಕ್, ನೆಬ್ರಾಸ್ಕ: ಮೊದಲು ಕಡತ ಓದಿ, ಆಮೇಲೆ ಮನೆ ನೋಡಿ

ಅಮೆರಿಕದ ನೆಬ್ರಾಸ್ಕ ರಾಜ್ಯದ ಬಿಯಾಟ್ರಿಸ್ ಊರಿನಿಂದ ಪಶ್ಚಿಮಕ್ಕೆ ನಾಲ್ಕೈದು ಮೈಲಿ ದೂರದಲ್ಲಿದೆ ಹೋಮ್‌ಸ್ಟೆಡ್ ನ್ಯಾಷನಲ್ ಹಿಸ್ಟಾರಿಕಲ್ ಪಾರ್ಕ್. ಪ್ರವೇಶ ಉಚಿತ. ಸರ್ಕಾರಿ ನೆಲವನ್ನು ಅಲ್ಲಿ ನೆಲೆಸಿ ಉಳುವವರಿಗೆ ಕೊಡುವ ಹೋಮ್‌ಸ್ಟೆಡ್ ಕಾಯಿದೆಗೆ ಅಧ್ಯಕ್ಷ ಲಿಂಕನ್ 1862ರ ಮೇ 20ರಂದು ಸಹಿ ಹಾಕಿದ, ಅದು ಮರುವರ್ಷ ಜನವರಿ 1ರಂದು ಜಾರಿಗೆ ಬಂತು. ಅದೇ ದಿನ ಅರ್ಜಿ ಹಾಕಿದ ಡೇನಿಯಲ್ ಫ್ರೀಮನ್‌ನ ಜಮೀನಿದು. ಶುಲ್ಕವೆಲ್ಲ ಸೇರಿ 18 ಡಾಲರ್ ಕಟ್ಟಿ, ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದರೆ 160 ಎಕರೆ ನಿಮ್ಮದಾಗುತ್ತಿತ್ತು. ಎಷ್ಟು ದೊಡ್ಡದು ಎಂದು ತಿಳಿಯಬೇಕೇ? ಕಾರು ನಿಲ್ಲಿಸುವ ಜಾಗವನ್ನು ಸರಿಯಾಗಿ ಒಂದು ಎಕರೆಗೆ ಅಳೆದು ಮಾಡಿದ್ದಾರೆ. ಅದನ್ನು ಒಂದು ಸುತ್ತು ಹಾಕಿಯೇ ಒಳಗೆ ಹೋಗಿ.

ಫ್ರೀಮನ್‌ನ ಜಮೀನು ಅರ್ಜಿಯ ಕಡತ ಅಂತರ್ಜಾಲದಲ್ಲಿ ಸಿಗುತ್ತದೆ, ಮೊದಲೇ ಓದಿಕೊಂಡು ಹೋಗುವುದು ಒಳ್ಳೆಯದು. ಹಕ್ಕುಪತ್ರ ಸಿಗಬೇಕಾದರೆ ಇಬ್ಬರು ಸಾಕ್ಷಿ ಹೇಳಬೇಕಿತ್ತು. ಅವರು ಬರೆಸಿದ್ದು ಇಷ್ಟು: 14 ಅಡಿಗೆ 20 ಅಡಿಯ ಮನೆ, ಎರಡು ಬಾಗಿಲು, ಎರಡು ಕಿಟಕಿ, ಹಲಗೆಯ ನೆಲ, ನೂರಡಿ ಉದ್ದದ ಕುರಿದೊಡ್ಡಿ, ಸುಮಾರು 35 ಎಕರೆ ಉಳುಮೆ, 40 ಸೇಬಿನ ಗಿಡ, ಸುಮಾರು 400 ಪೀಚ್ ಗಿಡ. ಐದು ವರ್ಷದ ಬೆವರಿನ ಲೆಕ್ಕ ಇದು. 160ರಲ್ಲಿ 35 ಎಕರೆ ಎಂಬುದನ್ನು ಗಮನಿಸಿ. ಬೇರು ಹೆಣೆದ ಹುಲ್ಲುಗಾವಲನ್ನು ನೇಗಿಲಿನಿಂದ ಒಡೆಯುವ ಕೆಲಸ ಅಷ್ಟು ನಿಧಾನ.

ಅಲ್ಲಿರುವ ದಿಮ್ಮಿಮನೆ ಫ್ರೀಮನ್‌ನದಲ್ಲ, ಬಹಳ ಜನ ಹಾಗೆಂದುಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. 1867ರಲ್ಲಿ ಪಾಮರ್ ಎಂಬಾತ ಬೇರೆಡೆ ಕಟ್ಟಿದ್ದನ್ನು ಆಮೇಲೆ ಇಲ್ಲಿಗೆ ತಂದದ್ದು. 14 ಅಡಿಗೆ 16 ಅಡಿ. ಅಷ್ಟರಲ್ಲೇ ಗಂಡ, ಹೆಂಡತಿ, ಹತ್ತು ಮಕ್ಕಳು. ದಿಮ್ಮಿಗಳ ಸಂದಿಗೆ ಮನೆಯಲ್ಲೇ ಮಾಡಿದ ಇಟ್ಟಿಗೆ ತುಂಬಿದ್ದಾರೆ, ಹತ್ತಿರ ನಿಂತು ನೋಡಿ. ಹಿಂಬದಿಯ ಇಳಿಜಾರು ಸೂರಿನ ಕೋಣೆ ಎಷ್ಟೋ ವರ್ಷದ ಮೇಲೆ ಸೇರಿಸಿದ್ದು.

ನನ್ನ ತಕರಾರು ಒಂದೇ. ಹಳ್ಳದ ನೀರು, ಪಕ್ಕದಲ್ಲೇ ಮರ, ಇಂಥ ಜಾಗ ಸಿಕ್ಕಿದ್ದು ಪುಣ್ಯವಂತರಿಗೆ. ಪಶ್ಚಿಮಕ್ಕೆ ಹೋದಷ್ಟೂ ಮರವಿಲ್ಲ. ಅಲ್ಲಿ ಹುಲ್ಲುಬೇರಿನ ಸಮೇತ ಮಣ್ಣಿನ ಹೆಂಟೆ ಕತ್ತರಿಸಿ ಗೋಡೆ ಎಬ್ಬಿಸುತ್ತಿದ್ದರು, ಮಳೆ ಬಂದರೆ ಸೂರಿನಿಂದ ಕೆಸರು ಸುರಿಯುತ್ತಿತ್ತು. ಬರ, 1874ರ ಮಿಡತೆ ದಾಳಿ, ಸಾಲ. ದೇಶದಲ್ಲಿ ಸುಮಾರು 40 ಲಕ್ಷ ಅರ್ಜಿಗಳಲ್ಲಿ ಹಕ್ಕುಪತ್ರದವರೆಗೆ ಬಂದದ್ದು 16 ಲಕ್ಷ. ಸೋತು ಬಿಟ್ಟುಹೋದವರ ಪಾಡು ಈ ಹಸಿರು ಜಾಗದಲ್ಲಿ ನಿಂತರೆ ಅಂದಾಜಿಗೆ ಸಿಗುವುದಿಲ್ಲ. ಇವರೆಲ್ಲರಿಗಿಂತ ಮೊದಲು ಈ ನೆಲದಲ್ಲಿದ್ದ ಮೂಲನಿವಾಸಿಗಳ ಬಗೆಗಿನ ಫಲಕಗಳನ್ನೂ ಬಿಡದೆ ಓದಿ.

ಪ್ರದರ್ಶನ ಕಟ್ಟಡದ ಒಳಗಿನ ಟ್ರ್ಯಾಕ್ಟರ್, ಈ ಕಾಯಿದೆಯಡಿ ಜಮೀನು ಪಡೆದ ಕೊನೆಯವನಾದ ಅಲಾಸ್ಕದ ಕೆನ್ ಡಿಯರ್‌ಡಾರ್ಫ್‌ನದು, ಅವನಿಗೆ ಹಕ್ಕುಪತ್ರ ಬಂದದ್ದು 1988ರಲ್ಲಿ. ಮಕ್ಕಳಿಗೆ ಅದೇ ಇಷ್ಟ.

1872ರ ಇಟ್ಟಿಗೆಯ ಶಾಲೆ ಸ್ವಲ್ಪ ದೂರ, ಕಾರಿನಲ್ಲೇ ಹೋಗಿ. ತರಗತಿಯಲ್ಲಿ ಬೈಬಲ್ ಪಾಠ ನಡೆಯಬಾರದೆಂದು ಇದೇ ಫ್ರೀಮನ್ ದಾವೆ ಹೂಡಿ, 1902ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದ. ಹುಲ್ಲುಗಾವಲಿನ ಕಾಲುದಾರಿಗೆ ಬೇಸಿಗೆಯಲ್ಲಾದರೆ ಉದ್ದ ಪ್ಯಾಂಟ್ ಹಾಕಿ, ರಕ್ತ ಹೀರುವ ಉಣ್ಣಿ ಹತ್ತುತ್ತದೆ.