ಪುಣೆಯ ಪ್ಲಾಟರ್ ಅಂಗಡಿ: ಪ್ರಿಂಟ್ ಚೆನ್ನಾಗಿದೆ, ‘ಫಿಟ್ ಟು ಪೇಜ್’ ಮಾತ್ರ ಒತ್ತಿಸಬೇಡಿ
ದೊಡ್ಡ ಕಾಗದದ ಪ್ರಿಂಟ್ ತೆಗೆಯುವ ಈ ಅಂಗಡಿ ಇರುವುದು ಪುಣೆಯ ಪೇಠೆಯ ಒಂದು ಗಲ್ಲಿಯಲ್ಲಿ. ಒಂದು ತಪ್ಪು ಮಾಡಿದರು, ಜಗಳವಾಡದೆ ಸರಿಮಾಡಿಯೂ ಕೊಟ್ಟರು, ಹಾಗಾಗಿ ಹೆಸರು ಬರೆಯುತ್ತಿಲ್ಲ. ಮನೆ ಪ್ಲಾನು, ಗಣಪತಿ ಮಂಡಳದ ಫ್ಲೆಕ್ಸು, ಇವೇ ಅವರ ದಿನದ ಕೆಲಸ. ನಾನು ಒಯ್ದಿದ್ದು ಆರ್ಕ್ಟಿಕ್‌ನ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿರುವ ಈಸ್‌ಫ್ಯೋರ್ಡ್ ಎಂಬ ಕಡಲ ಕೊರಕಲಿನ ತಳದ ಸೈಸ್ಮಿಕ್ ಸೆಕ್ಷನ್, ಅಂದರೆ ಶಬ್ದ ಕಳಿಸಿ ಅದರ ಪ್ರತಿಧ್ವನಿಯಿಂದ ತೆಗೆದ, ನೆಲದಡಿಯ ಬಂಡೆ ಪದರಗಳ ಚಿತ್ರ. (ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರವೂ 2008ರಿಂದ ಅದೇ ದ್ವೀಪಸಮೂಹದಲ್ಲಿದೆ, ಇನ್ನೊಂದು ಫ್ಯೋರ್ಡ್ ದಡದಲ್ಲಿ.)

ಸ್ಕ್ರೀನ್ ಇರುವಾಗ ಕಾಗದ ಯಾಕೆ ಅಂತ ರೂಮ್‌ಮೇಟ್ ನಕ್ಕ. ಝೂಮ್ ಮಾಡಿ ಮಾಡಿ ಮಡಿಕೆ ಎಲ್ಲಿ ಶುರುವಾಗಿತ್ತು ಅನ್ನುವುದೇ ಮರೆತುಹೋಗುತ್ತದೆ ಮಾರಾಯಾ. ಆರಡಿ ಕಾಗದ ನೆಲಕ್ಕೆ ಹಾಸಿ, ಮೊಣಕಾಲೂರಿ ಕೂತು, ಬಣ್ಣದ ಪೆನ್ಸಿಲಿನಲ್ಲಿ ಒಂದು ಪದರವನ್ನು ಹಿಡಿದು ಹೋಗುತ್ತಾ ಇದ್ದರೆ ಅದು ಎಲ್ಲಿ ಕಡಿಯಿತು, ಆಚೆ ಎಷ್ಟು ಮೇಲೆ ಹೋಗಿ ಮತ್ತೆ ಸಿಕ್ಕಿತು ಅಂತ ಕೈಗೇ ಗೊತ್ತಾಗುತ್ತದೆ. ಆ ಕಡಿತವೇ ಫಾಲ್ಟ್.

ಮೊದಲ ಪ್ರಿಂಟ್ ಬಿಚ್ಚಿದಾಗ ಎದೆ ಧಸಕ್ಕಂತು. ಆರಡಿ ಉದ್ದದ ಚಿತ್ರ ಮೂರಡಿಗೆ ಕುಗ್ಗಿದೆ, ಎತ್ತರ ಮಾತ್ರ ಎರಡಡಿ ಹಾಗೇ ಇದೆ. 36 ಇಂಚಿನ ರೋಲಿಗೆ ಹೊಂದಲಿ ಅಂತ ಹುಡುಗ ‘ಫಿಟ್ ಟು ಪೇಜ್’ ಒತ್ತಿದ್ದ. ಹುಡುಗ ವಿಜಯಪುರದವನು, "ಚಿತ್ರ ಛಲೋನ ಬಂದೈತಲ್ರೀ" ಅಂದ. ಪ್ರೊಟ್ರಾಕ್ಟರ್ ಇಟ್ಟು ತೋರಿಸಿದೆ: 30 ಡಿಗ್ರಿ ವಾಲಬೇಕಿದ್ದ ಗೆರೆ 49 ಡಿಗ್ರಿಗೆ ಎದ್ದು ನಿಂತಿತ್ತು.

ಇಷ್ಟಕ್ಕೆಲ್ಲಾ ಯಾಕೆ ರಗಳೆ ಅನ್ನಬೇಡಿ. ಸುಮಾರು 5 ಕೋಟಿ ವರ್ಷದ ಹಿಂದೆ ಗ್ರೀನ್‌ಲ್ಯಾಂಡ್ ಕಡೆಯಿಂದ ಒತ್ತಡ ಬಿದ್ದು ಈಸ್‌ಫ್ಯೋರ್ಡ್‌ನ ಪಶ್ಚಿಮ ಭಾಗದ ಪದರಗಳು ತಳ್ಳಿದ ಜಮಖಾನೆಯ ಹಾಗೆ ಮಡಚಿಕೊಂಡವು, ಮೆತ್ತನೆ ಶೇಲ್ (ಜೇಡಿಕಲ್ಲು) ಮತ್ತು ಜಿಪ್ಸಮ್ ಪದರಗಳ ಮೇಲೆ ಜಾರಿ ಒಂದರ ಮೇಲೊಂದು ಹತ್ತಿದವು. ಹೀಗೆ ಒಂದರ ಮೇಲೊಂದು ಹತ್ತಿಸುವ ಫಾಲ್ಟಿಗೆ ಥ್ರಸ್ಟ್ ಅಂತೀವಿ, ಅಲ್ಲಿನ ಥ್ರಸ್ಟ್‌ಗಳು ತುಂಬಾ ಕಡೆ ಚಪ್ಪಟೆ. ಪೂರ್ವಕ್ಕೆ ಬಿಲೆಫ್ಯೋರ್ಡ್ ಫಾಲ್ಟ್ ವಲಯ ಇದೆ, ಅದು ಹಳೆಯದು, ಕಡಿದಾದದ್ದು. ಹುಡುಗನ ಪ್ರಿಂಟ್ ನಂಬಿದ್ದರೆ ಎರಡೂ ಒಂದೇ ಜಾತಿ ಅಂತ ಬರೆದು ನನ್ನ ಸಂಶೋಧನೆಯ ಗೈಡ್ ಹತ್ತಿರ ಉಗಿಸಿಕೊಳ್ಳುತ್ತಿದ್ದೆ.

ಮಾಲೀಕರು, ಎಲ್ಲರೂ ಕಾಕಾ ಅನ್ನುತ್ತಾರೆ, ಬಂದು ನೋಡಿ ಏನೂ ಮಾತಾಡದೆ ರೋಲಿನ ಉದ್ದಕ್ಕೆ ತಿರುಗಿಸಿ ಮತ್ತೆ ತೆಗೆದರು. ದುಡ್ಡು ಕೇಳಲಿಲ್ಲ. ಈ ಸಲದ್ದು ನಿಜಕ್ಕೂ ಒಳ್ಳೆ ಕೆಲಸ. ಬೂದು ಬಣ್ಣದ ಸಣ್ಣ ಸಣ್ಣ ಛಾಯೆಯೂ ಬಂದಿದೆ, ನನಗೆ ಬೇಕಿದ್ದದ್ದೇ ಅದು. ಆ ಫ್ಯೋರ್ಡ್‌ನ ತಳ ಹಿಮನದಿಗಳು ಕೆರೆದು ಬಿಟ್ಟ ಗಟ್ಟಿ ಬಂಡೆ, ಶಬ್ದ ಅಲ್ಲಿಗೆ ಹೊಡೆದು ನೀರಿನ ಮೇಲ್ಮೈಗೂ ತಳಕ್ಕೂ ಚೆಂಡಿನ ಹಾಗೆ ಪುಟಿಯುತ್ತದೆ. ಶಬ್ದ ಹೋಗಿ ಬರುವ ಹೊತ್ತಿನ ಲೆಕ್ಕದಲ್ಲಿ ಸಮುದ್ರತಳ 300 ಮಿಲಿಸೆಕೆಂಡಿನಲ್ಲಿ ಕಂಡ ಕಡೆ, ಅಂದರೆ ಸುಮಾರು 225 ಮೀಟರ್ ಆಳ, 600ರಲ್ಲಿ ಅದರದ್ದೇ ದೆವ್ವ ಮತ್ತೆ ಕಾಣುತ್ತದೆ. ಇದಕ್ಕೆ ಮಲ್ಟಿಪಲ್ ಅಂತೀವಿ. ನಿಜವಾದ ಮಡಿಕೆಯ ಮೇಲೇ ಅಡ್ಡ ಹಾಯುತ್ತದೆ ಪೀಡೆ. ಕಳಪೆ ಪ್ರಿಂಟಿನಲ್ಲಿ ಎರಡೂ ಕಲೆಸಿಹೋಗುತ್ತವೆ, ಇದರಲ್ಲಿ ಬೇರೆ ಬೇರೆಯಾಗಿ ಕಂಡವು.

ಮ್ಯಾಟ್ ಕಾಗದವನ್ನೇ ಕೇಳಿ, ಪೆನ್ಸಿಲ್ ಹಿಡಿಯುತ್ತದೆ, ನಾಲ್ಕು ಸಲ ಅಳಿಸಿದರೂ ಕೀಳುವುದಿಲ್ಲ. ಲ್ಯಾಮಿನೇಶನ್ ಮಾಡಿಸಿ ಅಂತ ಜಾಸ್ತಿ ಒತ್ತಾಯ ಮಾಡುತ್ತಾರೆ, ಬೇಡ ಅನ್ನಿ. ಮಳೆಗಾಲದಲ್ಲಿ ರಟ್ಟಿನ ಕೊಳವೆ ನೀವೇ ಒಯ್ಯಿರಿ, ಅವರು ಕೊಡುವ ಪ್ಲಾಸ್ಟಿಕ್ ಚೀಲ ಬಸ್ ಸ್ಟಾಪ್ ತನಕವೂ ತಡೆಯಲ್ಲ. 5ಕ್ಕೆ 4 ಕೊಡುತ್ತೇನೆ. ಮೊನ್ನೆ ಎರಡನೇ ಸೆಕ್ಷನ್ ಪ್ರಿಂಟಿಗೆ ಹೋದಾಗ ಹುಡುಗ ತಾನೇ ಕೇಳಿದ: "ಅಳತಿ ಹಂಗ ಇರ್ಲೇನ್ರೀ?"